ಅಜ್ಜನ ಟ್ರಂಕಿನ ಹಳೇ ಪತ್ರಿಕೆಗಳು: ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ರದ್ದಿಗೆ ಹಾಕಲಿ?

ಸಾಗರದ ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರ ಇದೆ, ಅದಕ್ಕೇ ನೇರವಾಗಿ ಕೇಳುತ್ತೇನೆ.

ಸಾಗರದ ಹತ್ತಿರ ನನ್ನ ಅಮ್ಮನ ತವರುಮನೆ. ಮಳೆ ಹಿಡಿಯುವ ಮೊದಲು ಮಾಡು ಬಿಚ್ಚಿ, ಪಕಾಸು ರೀಪು ಬದಲಾಯಿಸಿ ಹೆಂಚು ಹೊದಿಸಬೇಕು ಅಂತ ಮಾವ ಹೊರಟಿದ್ದಾರೆ. ಹಾಗಾಗಿ ಅಟ್ಟ ಖಾಲಿಯಾಗಬೇಕು. ಅಟ್ಟದಲ್ಲಿ ಮೂರು ಕಬ್ಬಿಣದ ಟ್ರಂಕ್ ತುಂಬ ಹಳೇ ಪತ್ರಿಕೆಗಳಿವೆ. ಅಜ್ಜ ಪ್ರೈಮರಿ ಶಾಲೆಯ ಮೇಷ್ಟ್ರು. ಸಂಬಳ ಬಂದ ದಿನ ಮೊದಲು ಪತ್ರಿಕೆಯ ಬಾಕಿ ಕೊಟ್ಟು ಆಮೇಲೆ ದಿನಸಿ ತರುತ್ತಿದ್ದರು ಅಂತ ಅಜ್ಜಿ ಹೇಳುತ್ತಿದ್ದರು. ಈಗ ಇಬ್ಬರೂ ಇಲ್ಲ.

ನಾನು ಹೋದ ವಾರ ಹೋಗಿ ನೋಡಿ ಬಂದೆ. ಮೊದಲನೇ ಟ್ರಂಕಿನಲ್ಲಿ ಕಸ್ತೂರಿ ಜಾಸ್ತಿ, ಐವತ್ತರ ದಶಕದ ಕೊನೆಯಿಂದ ಎಪ್ಪತ್ತರ ದಶಕದವರೆಗೆ ಬಿಟ್ಟು ಬಿಟ್ಟು ಇವೆ. ಜೊತೆಗೆ ಒಂದಿಷ್ಟು ಕರ್ಮವೀರ, ಏಳೆಂಟು ಕೊರವಂಜಿ. ಎರಡನೆಯದರಲ್ಲಿ ಸುಧಾ, ಮಯೂರ, ಪ್ರಜಾಮತ, ಮೇಲೆ ಸ್ವಲ್ಪ ತರಂಗ. ಅಮ್ಮ ಮತ್ತು ಚಿಕ್ಕಮ್ಮ ಓದಿ ಓದಿ ರಟ್ಟು ಕಿತ್ತುಹೋದ ಚಂದಮಾಮಗಳೂ ಅದರಲ್ಲೇ ಇವೆ. ಮೂರನೆಯದರಲ್ಲಿ ಅಜ್ಜಿ ವಾರಪತ್ರಿಕೆಗಳಿಂದ ಧಾರಾವಾಹಿಗಳ ಪುಟ ಬಿಡಿಸಿ, ಸೂಜಿ ದಾರದಲ್ಲಿ ಹೊಲಿದು, ಮೇಲೆ ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿದ ಪುಸ್ತಕಗಳು. ಮತ್ತೆ ಕೆಲವು ದಿನಪತ್ರಿಕೆಗಳನ್ನು ಬೇಕೆಂದೇ ತೆಗೆದಿಟ್ಟಿದ್ದಾರೆ. ನೆಹರು ತೀರಿಕೊಂಡ ಮರುದಿನದ್ದು, ಮನುಷ್ಯ ಚಂದ್ರನ ಮೇಲೆ ಇಳಿದದ್ದು, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದ 1973ರ ನವೆಂಬರಿನದು.

ಟ್ರಂಕಿನ ತಳಕ್ಕೆ ಯಾವುದೋ ಲೋಕಲ್ ಪೇಪರ್ ಹಾಸಿದ್ದಾರೆ. ನಾಲ್ಕು ಪುಟದ್ದು, ಕಂದಿ ಹೋಗಿದೆ, ಹೆಸರೂ ಸರಿಯಾಗಿ ಕಾಣುವುದಿಲ್ಲ. ಅದನ್ನಂತೂ ಎಸೆಯುತ್ತೇನೆ.

ಬೆಂಗಳೂರಿನಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಎಲ್ಲವನ್ನೂ ತರುವುದು ಆಗದ ಮಾತು. ಯಾವುದನ್ನು ಉಳಿಸಿಕೊಳ್ಳಲಿ? ಹೇಗೆ ಇಡಬೇಕು? ಲೈಬ್ರರಿಯವರು ಯಾರಾದರೂ ತಗೋತಾರಾ? ಭಾನುವಾರ ರದ್ದಿಯವರು ಬರುತ್ತಾರೆ.


ಹಳೇಹಾಳೆ:

ರದ್ದಿಯವರಿಗೆ ಮೊದಲು ಫೋನ್ ಮಾಡಿ ಎರಡು ವಾರ ಬಿಟ್ಟು ಬರಲು ಹೇಳಿ. ಮಾವನಿಗೂ ಹೇಳಿ, ಟ್ರಂಕುಗಳನ್ನು ಅಟ್ಟದಿಂದ ಇಳಿಸಿ ಒಳಗಿನ ಕೋಣೆಯಲ್ಲಿ ಮಣೆ ಇಟ್ಟು ಅದರ ಮೇಲೆ ಇಟ್ಟರೆ ಸದ್ಯಕ್ಕೆ ಸಾಕು. ನಾನು ಕಾಲೇಜು ಲೈಬ್ರರಿಯಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ಇಂಥ ಸಂಗ್ರಹ ಹಾಳಾಗುವುದು ಹುಳದಿಂದ ಕಡಿಮೆ, ಅವಸರದಿಂದ ಜಾಸ್ತಿ.

ಇಡುವ ವಿಷಯ ಹೇಳುತ್ತೇನೆ. ಪತ್ರಿಕೆಯ ಕಾಗದ ಪುಸ್ತಕದ ಕಾಗದದ ಹಾಗಲ್ಲ. ಮರವನ್ನು ಅರೆದು ಮಾಡಿದ ತಿರುಳು, ಅದರಲ್ಲಿ ಲಿಗ್ನಿನ್, ಅಂದರೆ ಮರದ ನಾರನ್ನು ಹಿಡಿದಿಡುವ ಅಂಶ, ಹಾಗೇ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದಷ್ಟೂ ಹಳದಿಯಾಗುತ್ತದೆ, ಒಳಗಿಂದಲೇ ಹುಳಿ ಹುಟ್ಟಿ ಹಪ್ಪಳದ ಹಾಗೆ ಮುರಿಯುತ್ತದೆ. ಹಾಗಾಗಿ ಹುಳ ಹೋಗಲಿ ಅಂತ ಬಿಸಿಲಿಗೆ ಹಾಕಬೇಡಿ. ನಮ್ಮ ಮನೆಗಳಲ್ಲಿ ಎಲ್ಲರೂ ಮಾಡುವ ತಪ್ಪು ಇದು. ನೆರಳಲ್ಲಿ, ಫ್ಯಾನ್ ಗಾಳಿಗೆ ಹರವಿ ತೇವ ಆರಿಸಿ.

ಹುಳ ಇದ್ದರೆ ಐದಾರು ಸಂಚಿಕೆಗಳನ್ನು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ಗಾಳಿ ಹೋಗದ ಹಾಗೆ ಬಿಗಿದು, ಮನೆಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ತಕ್ಷಣ ಕವರ್ ಬಿಚ್ಚಬೇಡಿ. ಒಂದು ದಿನ ಹಾಗೇ ಬಿಟ್ಟು, ತಣ್ಣಗಿರುವುದು ಹೋದ ಮೇಲೆ ಬಿಚ್ಚಿ. ಇಲ್ಲದಿದ್ದರೆ ಕಾಗದದ ಮೇಲೆ ನೀರು ಕೂರುತ್ತದೆ. ತುಕ್ಕು ಹಿಡಿದ ಪಿನ್ನುಗಳನ್ನು ಹಿಂಬದಿಯಿಂದ ನಿಧಾನಕ್ಕೆ ಬಿಡಿಸಿ ತೆಗೆಯಿರಿ, ಆ ಜಾಗಕ್ಕೆ ಹತ್ತಿ ದಾರ ಸಾಕು. ಸೆಲ್ಲೋಟೇಪ್ ಬೇಡವೇ ಬೇಡ. ಹತ್ತು ವರ್ಷದಲ್ಲಿ ಅದರ ಅಂಟು ಕಂದು ಬಣ್ಣಕ್ಕೆ ತಿರುಗಿ ಅಕ್ಷರವನ್ನೇ ತಿನ್ನುತ್ತದೆ. ಲ್ಯಾಮಿನೇಶನ್ ಕೂಡ ಮಾಡಿಸಬೇಡಿ. ಕಬ್ಬಿಣದ ಟ್ರಂಕು ಮಲೆನಾಡಿನ ಮಳೆಗೆ ಬೆವರುತ್ತದೆ, ಆದ್ದರಿಂದ ದಪ್ಪ ರಟ್ಟಿನ ಪೆಟ್ಟಿಗೆಗೆ ಬದಲಾಯಿಸಿ, ಮಡಿಸದೆ ಅಡ್ಡ ಮಲಗಿಸಿ ಇಡಿ. ಬಜೆ ಬೇರಿನ ತುಂಡನ್ನು ಬಟ್ಟೆಯಲ್ಲಿ ಕಟ್ಟಿ ಮೂಲೆಗೆ ಇಟ್ಟರೆ ಒಳ್ಳೆಯದು. ತಾಳೆಗರಿ ಕಟ್ಟುಗಳಿಗೂ ಹಿಂದಿನವರು ಅದನ್ನೇ ಇಡುತ್ತಿದ್ದರು.

ಯಾವುದನ್ನು ಉಳಿಸಬೇಕು ಅನ್ನುವುದನ್ನು ಬೇರೆಯವರು ಹೇಳಲಿ.


ಓದುಗ77:

ನನ್ನ ಪ್ರಕಾರ ಕಸ್ತೂರಿ ಮತ್ತು ಕೊರವಂಜಿ ಇಟ್ಟುಕೊಳ್ಳಿ, ಉಳಿದದ್ದು ಕೊಟ್ಟುಬಿಡಿ. ಸುಧಾ, ತರಂಗ ಸಾವಿರಾರು ಮನೆಗಳಲ್ಲಿ ಇದ್ದವು, ಪ್ರಕಟಿಸಿದವರ ಹತ್ತಿರ ಕಡತ ಇದ್ದೇ ಇರುತ್ತದೆ. ಭಾವನೆ ಇರುತ್ತದೆ, ಒಪ್ಪುತ್ತೇನೆ. ಆದರೆ ಎರಡು ಕೋಣೆಯ ಮನೆಯಲ್ಲಿ ಮೂರು ಟ್ರಂಕ್ ಕಾಗದ ಇಟ್ಟುಕೊಂಡು ಬದುಕುವುದು ಕಷ್ಟ. ನಾನು ನಮ್ಮ ತಂದೆಯವರ ಸಂಗ್ರಹದಲ್ಲಿ ಇದನ್ನೇ ಮಾಡಿದೆ. ಒಂದು ಕಪಾಟು ಉಳಿಸಿಕೊಂಡೆ. ಅದನ್ನು ಈಗಲೂ ತೆಗೆದು ಓದುತ್ತೇನೆ. ಎಲ್ಲ ಉಳಿಸಿಕೊಂಡಿದ್ದರೆ ಬಹುಶಃ ಒಂದನ್ನೂ ಓದುತ್ತಿರಲಿಲ್ಲ.

ಕಸ್ತೂರಿ ಯಾಕೆ ಅಂದರೆ, 1956ರಲ್ಲಿ ಹುಬ್ಬಳ್ಳಿಯಿಂದ ಶುರುವಾದಾಗ ಅದು ಕನ್ನಡದಲ್ಲಿ ಹೊಸ ಬಗೆಯ ಮಾಸಪತ್ರಿಕೆ. ಪಾ. ವೆಂ. ಆಚಾರ್ಯರು ಪದಗಳ ಹುಟ್ಟು ಬೆಳವಣಿಗೆ ಹೇಳುತ್ತಿದ್ದ ಪದಾರ್ಥ ಚಿಂತಾಮಣಿ ಬಂದದ್ದು ಅದರಲ್ಲೇ. ಕೊನೆಯಲ್ಲಿ ಒಂದು ಇಡೀ ಪುಸ್ತಕದ ಸಾರ ಕೊಡುತ್ತಿದ್ದರು. ಹಳ್ಳಿಯ ಮೇಷ್ಟ್ರಿಗೆ ಅದೊಂದು ಲೈಬ್ರರಿ ಇದ್ದ ಹಾಗೆ. ಕೊರವಂಜಿ ಹಾಸ್ಯ ಪತ್ರಿಕೆ. ಅದನ್ನು ರಾಶಿ, ಅಂದರೆ ಡಾ. ಎಂ. ಶಿವರಾಂ, 1942ರಲ್ಲಿ ಶುರು ಮಾಡಿದ್ದು, 1967ಕ್ಕೆ ನಿಂತಿತು. ಆರ್. ಕೆ. ಲಕ್ಷ್ಮಣ್ ತರುಣರಾಗಿದ್ದಾಗ ಅದಕ್ಕೆ ಚಿತ್ರ ಬರೆಯುತ್ತಿದ್ದರು. ಎರಡನ್ನೂ ಬಿಡಬೇಡಿ.


ಮೊಳೆ ಜೋಡಿಸಿದವ:

ಮೊಮ್ಮಗಳೇ, ದಯವಿಟ್ಟು ಆ ತಳದ ಪೇಪರನ್ನು ಎಸೆಯಬೇಡಿ. ನಿಮ್ಮ ಮೂರು ಟ್ರಂಕಿನಲ್ಲಿ ಅಪರೂಪದ್ದು ಅಂತ ಇದ್ದರೆ ಅದೇ. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಯ ಮಾಡಿಕೊಂಡು ಓದಿ.

ನಾನು ಹದಿನಾರನೇ ವಯಸ್ಸಿಗೆ ಒಂದು ತಾಲೂಕು ವಾರಪತ್ರಿಕೆಯ ಪ್ರೆಸ್ಸಿಗೆ ಸೇರಿದವನು. ನಾಲ್ಕು ಪುಟದ ಪತ್ರಿಕೆ, ಕಾಲಿನಲ್ಲಿ ತುಳಿಯುವ ಟ್ರೆಡಲ್ ಮಷೀನು. ಸಂಪಾದಕರು, ಪ್ರಕಾಶಕರು, ಮುದ್ರಕರು ಮೂವರೂ ಒಬ್ಬರೇ. ಅವರೇ ಸೈಕಲ್ಲಿನಲ್ಲಿ ಹೋಗಿ ಚಂದಾ ವಸೂಲಿ ಮಾಡಿ ಬರುತ್ತಿದ್ದರು. ನಾನು ಕೇಸಿನ, ಅಂದರೆ ಗೂಡುಗಳಿರುವ ಪೆಟ್ಟಿಗೆಯ, ಮುಂದೆ ನಿಂತು ಸೀಸದ ಮೊಳೆ, ಅಂದರೆ ಅಚ್ಚಿನ ಅಕ್ಷರ, ಒಂದೊಂದಾಗಿ ಎತ್ತಿ ಜೋಡಿಸುತ್ತಿದ್ದೆ. ಕನ್ನಡದಲ್ಲಿ ಗುಣಿತ ಬೇರೆ, ಒತ್ತು ಬೇರೆ, ಎಲ್ಲಕ್ಕೂ ಬೇರೆ ಬೇರೆ ಗೂಡು. ಒಂದು ಪುಟಕ್ಕೆ ಒಂದು ಇಡೀ ದಿನ ಬೇಕು. ಕೆಲವು ಸಲ ಯಾವುದೋ ಒಂದು ಅಕ್ಷರದ ಮೊಳೆ ಮುಗಿದುಹೋಗುತ್ತಿತ್ತು, ಆಗ ಸಂಪಾದಕರು ಪಕ್ಕದಲ್ಲಿ ನಿಂತು ಆ ಅಕ್ಷರ ಬರದ ಹಾಗೆ ವಾಕ್ಯವನ್ನೇ ಬದಲಾಯಿಸಿ ಹೇಳುತ್ತಿದ್ದರು.

ಈಗ ಮುಖ್ಯವಾದ ಮಾತು. ಅಚ್ಚಾದ ಮೇಲೆ ಆ ಪುಟವನ್ನು ಬಿಚ್ಚಿ, ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಅದದರ ಗೂಡಿಗೆ ಹಾಕುತ್ತಿದ್ದೆವು. ಮುಂದಿನ ವಾರದ ಸುದ್ದಿಗೆ ಅದೇ ಮೊಳೆ. ಅಂದರೆ ಆ ವಾರದ ಪುಟ ಉಳಿಯುವುದು ಕಾಗದದ ಮೇಲೆ ಮಾತ್ರ. ಫಿಲ್ಮ್ ಇಲ್ಲ, ಪ್ಲೇಟ್ ಇಲ್ಲ. ಮುನ್ನೂರೋ ನಾನೂರೋ ಪ್ರತಿ, ಅದರಲ್ಲಿ ಹೆಚ್ಚಿನವು ಮರುದಿನ ಅಂಗಡಿಯ ಪೊಟ್ಟಣ. ಆಫೀಸ್ ಕಾಪಿ ಅಂತ ಒಂದೊಂದು ತೆಗೆದು ದಾರದಲ್ಲಿ ಪೋಣಿಸಿ ಇಡುತ್ತಿದ್ದೆವು. ಸಂಪಾದಕರು ತೀರಿಕೊಂಡರು, ಪ್ರೆಸ್ ಇದ್ದ ಜಾಗ ಮಾರಾಟವಾಯಿತು, ಆ ಕಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ನಾನು ಒಂಬತ್ತು ವರ್ಷ ಜೋಡಿಸಿದ ಪತ್ರಿಕೆಯ ಒಂದೇ ಒಂದು ಹಾಳೆ ಇವತ್ತು ನನ್ನ ಹತ್ತಿರ ಇಲ್ಲ. ಹುಡುಕದ ಜಾಗ ಇಲ್ಲ.

ಕಾನೂನು ಇತ್ತು. ಪುಸ್ತಕ, ಪತ್ರಿಕೆ ಅಚ್ಚಾದರೆ ರಾಷ್ಟ್ರೀಯ ಲೈಬ್ರರಿಗಳಿಗೆ ಪ್ರತಿ ಕಳಿಸಬೇಕು ಅಂತ 1954ರ ಕಾಯ್ದೆ, ಪತ್ರಿಕೆಗಳನ್ನು ಅದಕ್ಕೆ ಸೇರಿಸಿದ್ದು 1956ರಲ್ಲಿ. ಕಲ್ಕತ್ತಾದ ಲೈಬ್ರರಿ, ಮದ್ರಾಸಿನ ಕನ್ನೆಮರ ಲೈಬ್ರರಿ, ಹೀಗೆ. ದೊಡ್ಡ ಪತ್ರಿಕೆಗಳು ಕಳಿಸಿದವು. ನಮ್ಮಂಥವರು ಅಂಚೆ ಖರ್ಚಿಗೇ ಪರದಾಡುತ್ತಿದ್ದಾಗ ಎಲ್ಲಿ ಕಳಿಸುವುದು?

ನೀವು ನೆಹರು ತೀರಿಕೊಂಡ ದಿನದ ಪೇಪರನ್ನು ಜೋಪಾನ ಮಾಡುತ್ತೀರಿ, ಮಾಡಿ. ಆದರೆ ಆ ಸುದ್ದಿ ದೇಶದ ಎಲ್ಲ ಪತ್ರಿಕೆಗಳಲ್ಲೂ ಇದೆ, ಎಲ್ಲ ದೊಡ್ಡ ಲೈಬ್ರರಿಗಳಲ್ಲೂ ಸಿಗುತ್ತದೆ. ಅದೇ 1964ರಲ್ಲಿ ನಿಮ್ಮ ಸೀಮೆಯಲ್ಲಿ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಶರಾವತಿ ನೀರು ನಿಂತಿತು. ಎಷ್ಟೋ ಊರುಗಳು ಮುಳುಗಿದವು, ಜನ ಗಂಟುಮೂಟೆ ಕಟ್ಟಿಕೊಂಡು ಎಲ್ಲೆಲ್ಲಿಗೋ ಹೋದರು, ಅವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಜಮೀನಿನ ಹಕ್ಕುಪತ್ರಕ್ಕೆ ಓಡಾಡುತ್ತಿದ್ದಾರೆ. ಯಾವ ಊರಿನವರು ಯಾವ ತಿಂಗಳು ಹೊರಟರು, ಯಾವ ಸಂತೆ ನಿಂತುಹೋಯಿತು, ಯಾವ ದೇವಸ್ಥಾನದ ದೇವರನ್ನು ಎಲ್ಲಿಗೆ ತಂದರು ಅನ್ನುವುದನ್ನು ಬೆಂಗಳೂರಿನ ಪತ್ರಿಕೆ ಬರೆಯಲಿಲ್ಲ. ಬರೆದಿದ್ದರೆ ಆ ನಾಲ್ಕು ಪುಟದ ಪೇಪರೇ ಬರೆದಿರಬೇಕು.

ಅದಕ್ಕೇ ಹೇಳುವುದು, ಬೇರೆ ಎಲ್ಲೂ ಸಿಗದ್ದನ್ನು ಮೊದಲು ಉಳಿಸಿ.

ಹೆಸರು ಕಾಣುವುದಿಲ್ಲ ಅಂದಿರಿ. ಕೊನೇ ಪುಟದ ಅತಿ ಕೆಳಗೆ ನೋಡಿ, ಚಿಕ್ಕ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ಇಂಥವರಿಂದ ಇಂಥ ಪ್ರೆಸ್ಸಿನಲ್ಲಿ ಮುದ್ರಿತವಾಗಿ ಇಲ್ಲಿಂದ ಪ್ರಕಟಿತ. ಆ ಸಾಲು ಇಲ್ಲದೆ ಪತ್ರಿಕೆ ಹೊರಡಿಸುವ ಹಾಗಿರಲಿಲ್ಲ. ಮಾರ್ಚ್ ತಿಂಗಳ ಮೊದಲ ಸಂಚಿಕೆ ಸಿಕ್ಕರೆ ಇನ್ನೂ ಒಳ್ಳೆಯದು, ಅದರಲ್ಲಿ ಫಾರಂ ನಾಲ್ಕು ಅಂತ ಒಂದು ಚೌಕ ಇರುತ್ತದೆ. ಸಂಪಾದಕ, ಮುದ್ರಕ, ಮಾಲೀಕ ಯಾರು, ವಿಳಾಸ ಯಾವುದು ಅಂತ ವರ್ಷಕ್ಕೊಮ್ಮೆ ಪ್ರಕಟಿಸಲೇಬೇಕಿತ್ತು. ಓದುಗರು ಅದನ್ನು ನೋಡದೆ ಪುಟ ತಿರುವುತ್ತಾರೆ. ಹಳೇ ಪತ್ರಿಕೆ ಹುಡುಕುವವರು ಮೊದಲು ಅದನ್ನೇ ನೋಡುತ್ತಾರೆ.


ಓದುಗ77:

ಹಿರಿಯರೇ, ನೀವು ಹೇಳಿದ ಮೊಳೆಯ ವಿಷಯ ನನಗೆ ಗೊತ್ತಿರಲಿಲ್ಲ. ತಂದೆಯವರ ಕಪಾಟಿನ ಕೆಳಗೂ ದಾವಣಗೆರೆ ಕಡೆಯ ಸಣ್ಣ ಪತ್ರಿಕೆಗಳು ಒಂದು ಕಟ್ಟು ಇದ್ದವು. ಮೊದಲು ಕೊಟ್ಟದ್ದೇ ಅದನ್ನು. ಈಗ ಏನು ಮಾಡುವುದಕ್ಕೂ ಇಲ್ಲ. ಮೊಮ್ಮಗಳೇ, ನಾನು ಮೇಲೆ ಹೇಳಿದ ಸಲಹೆ ಬಿಡಿ, ಇವರ ಮಾತು ಕೇಳಿ.


ಕುಂಬಳೆಯಿಂದ:

ನಾನು ಕಾಸರಗೋಡು ಜಿಲ್ಲೆಯವನು. ಮನೆಯಲ್ಲಿ ಕನ್ನಡ ಪತ್ರಿಕೆ, ಪೇಟೆಯಲ್ಲಿ ಮಲಯಾಳ ಪತ್ರಿಕೆ, ಎರಡೂ ಓದಿ ಬೆಳೆದವನು. ಹಾಗಾಗಿ ಪಕ್ಕದ ಭಾಷೆಯವರು ಏನು ಮಾಡಿದ್ದಾರೆ ಅಂತ ಹೇಳುತ್ತೇನೆ. ಮೇಲಿನವರ ಮಾತಿಗೆ ಇದು ಕೂಡಿಕೊಳ್ಳುತ್ತದೆ.

ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ, 1843ರ ಜುಲೈ 1, ಹರ್ಮನ್ ಮೊಗ್ಲಿಂಗ್ ಹೊರಡಿಸಿದ್ದು, ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಬರೆದು ಅಚ್ಚೊತ್ತುವ ರೀತಿಯಲ್ಲಿ, ಅಚ್ಚಾದದ್ದು. ಮರುವರ್ಷವೇ ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರ ಆಯಿತು. ಇದು ನಮಗೆ ಶಾಲೆಯಿಂದಲೇ ಗೊತ್ತು, ಪತ್ರಿಕಾ ದಿನ ಅಂತ ಆಚರಿಸುತ್ತೇವೆ. ನಾಲ್ಕು ವರ್ಷದ ಮೇಲೆ, 1847ರಲ್ಲಿ, ಮೊಗ್ಲಿಂಗ್ ಇದ್ದ ಬಾಸೆಲ್ ಮಿಷನ್ ಎಂಬ ಅದೇ ಕ್ರೈಸ್ತ ಸಂಸ್ಥೆಯ ಹರ್ಮನ್ ಗುಂಡರ್ಟ್ ತಲಶ್ಶೇರಿಯಲ್ಲಿ ಮಲಯಾಳದ ಮೊದಲ ಪತ್ರಿಕೆ ರಾಜ್ಯಸಮಾಚಾರಂ ಹೊರಡಿಸಿದರು. ಗುಂಡರ್ಟರ ಕಾಗದಪತ್ರಗಳು ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಉಳಿದಿದ್ದವು. ಅವರು ಎಲ್ಲವನ್ನೂ ಸ್ಕ್ಯಾನ್ ಮಾಡಿ ಜಾಲದಲ್ಲಿ ಹಾಕಿದ್ದಾರೆ. ನಾನು ಕುಂಬಳೆಯಲ್ಲಿ ಕೂತು ಮೊಬೈಲಿನಲ್ಲಿ ರಾಜ್ಯಸಮಾಚಾರಂ ಓದಿದ್ದೇನೆ. ಆ ದಿನ ನನಗಾದ ಸಂತೋಷ ಹೇಳಲಿಕ್ಕಾಗುವುದಿಲ್ಲ.

ತಮಿಳಿನ ಕಥೆ ಇನ್ನೂ ನಮಗೆ ಹತ್ತಿರದ್ದು. ಚೆಟ್ಟಿನಾಡಿನ ಕೋಟ್ಟೈಯೂರಿನಲ್ಲಿ ರೋಜಾ ಮುತ್ತಯ್ಯ ಚೆಟ್ಟಿಯಾರ್ ಅಂತ ಒಬ್ಬರಿದ್ದರು. ಬೋರ್ಡು ಬರೆಯುವ ಕೆಲಸ ಅವರದ್ದು. ಕೈಯ ಹಣ ಹಾಕಿ ಹಳೇ ಪುಸ್ತಕ, ಪತ್ರಿಕೆ, ಕರಪತ್ರ, ನಾಟಕದ ನೋಟೀಸು ಸಿಕ್ಕಸಿಕ್ಕಲ್ಲಿಂದ ಕೂಡಿಸಿದರು. 1992ರಲ್ಲಿ ತೀರಿಕೊಂಡರು. ಸಂಗ್ರಹವನ್ನು ಶಿಕಾಗೋ ವಿಶ್ವವಿದ್ಯಾಲಯದವರು ಕೊಂಡು, ಹೊರಗೆ ಒಯ್ಯದೆ, 1994ರಲ್ಲಿ ಮದ್ರಾಸಿನಲ್ಲೇ ಲೈಬ್ರರಿ ಮಾಡಿದರು. ಇವತ್ತು ತಮಿಳಿನ ಹಳೇ ಪತ್ರಿಕೆಗಳ ಮೇಲೆ ಕೆಲಸ ಮಾಡುವವರು ಅಲ್ಲಿಗೆ ಹೋಗಲೇಬೇಕು. ತೆಲುಗಿನವರಿಗೆ ವೇಟಪಾಲೆಂನ ಸಾರಸ್ವತ ನಿಕೇತನಂ ಇದೆ, ಒಂದು ಸಣ್ಣ ಊರಿನ ಲೈಬ್ರರಿ, 1918ರಲ್ಲಿ ಶುರುವಾದದ್ದು, ಹಳೇ ಪತ್ರಿಕೆಗಳಿಗೇ ಹೆಸರಾಗಿದೆ.

ನೋಡಿ, ಒಂದು ಕಡೆ ಬೋರ್ಡು ಬರೆಯುವವರು, ಇನ್ನೊಂದು ಕಡೆ ಊರಿನ ಜನ. ನಿಮ್ಮ ಅಜ್ಜನಂಥವರೇ ಇಟ್ಟದ್ದು.

ಇನ್ನೊಂದು ವಿಷಯ. ನನ್ನ ಅಪ್ಪ ಅಡಿಕೆ ಪತ್ರಿಕೆಯನ್ನು 1988ರಲ್ಲಿ ಪುತ್ತೂರಿನಲ್ಲಿ ಶುರುವಾದಾಗಿನಿಂದ ಬೈಂಡ್ ಮಾಡಿಸಿ ಇಟ್ಟಿದ್ದಾರೆ. ಕೃಷಿಕರ ಕೈಗೆ ಲೇಖನಿ ಅಂತ ಹೊರಟ ಪತ್ರಿಕೆ, ತೋಟ ಮಾಡುವವರೇ ಬರೆಯುತ್ತಾರೆ. ಅಪ್ಪ ಮೂವತ್ತು ವರ್ಷದ ಹಿಂದಿನ ಸಂಚಿಕೆ ತೆಗೆದು ಕೊಳೆರೋಗಕ್ಕೆ ಯಾರು ಏನು ಮಾಡಿದ್ದರು ಅಂತ ಈಗಲೂ ನೋಡುತ್ತಾರೆ. ಅದು ಅವರಿಗೆ ಕತ್ತಿ, ಪಿಕಾಸಿಯ ಹಾಗೆ ಕೆಲಸದ ಸಾಮಾನು. ನಿಮ್ಮ ಟ್ರಂಕಿನಲ್ಲಿ ಇಂಥ ಕಸುಬಿನ ಪತ್ರಿಕೆ ಏನಾದರೂ ಇದ್ದರೆ, ಸಹಕಾರ ಸಂಘದ್ದು, ಶಿಕ್ಷಕರದ್ದು, ಜಾತಿ ಸಂಘದ್ದು, ಅದನ್ನೂ ಬೇರೆ ತೆಗೆದಿಡಿ. ಅಂಗಡಿಯಲ್ಲಿ ಮಾರದೆ ಅಂಚೆಯಲ್ಲೇ ಬರುತ್ತಿದ್ದ ಪತ್ರಿಕೆಗಳು ಬೇಗ ಕಾಣೆಯಾಗುತ್ತವೆ.


ವಾರದ ಕಂತು:

ಎಲ್ಲರೂ ತಳದ ಪೇಪರಿನ ಬಗ್ಗೆ ಹೇಳುತ್ತಿದ್ದೀರಿ, ಸರಿ. ನಾನು ಅಜ್ಜಿಯ ಹೊಲಿದ ಪುಸ್ತಕಗಳ ಪರವಾಗಿ ಮಾತಾಡಬೇಕು.

ತಂಗಿ, ಅವು ಆಮೇಲೆ ಪುಸ್ತಕವಾಗಿ ಬಂದಿವೆ, ಹಾಗಾಗಿ ಬೇಡ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಪುಸ್ತಕದಲ್ಲಿ ಚಿತ್ರ ಇರುವುದಿಲ್ಲ. ಪ್ರತಿ ವಾರ ಕಂತಿನ ಮೇಲೆ ಕಲಾವಿದರು ಬರೆದ ಚಿತ್ರ ಅಲ್ಲೇ ಹುಟ್ಟಿ ಅಲ್ಲೇ ಮುಗಿಯಿತು. ನಮ್ಮ ತಾಯಿಗೆ ಕಥಾನಾಯಕಿಯ ಮುಖ ಅಂದರೆ ಆ ಚಿತ್ರದ ಮುಖವೇ. ಕೆಲವು ಲೇಖಕರು ಪುಸ್ತಕ ಮಾಡುವಾಗ ಕೆಲವು ಭಾಗ ತಿದ್ದಿದ್ದಾರೆ, ಬಿಟ್ಟಿದ್ದಾರೆ. ಮೊದಲ ರೂಪ ವಾರಪತ್ರಿಕೆಯಲ್ಲಿ ಮಾತ್ರ. ಮತ್ತೆ ಹಿಂದಿನ ಪುಟದಲ್ಲಿ ಏನಿದೆ ನೋಡಿ. ಧಾರಾವಾಹಿಯ ಬೆನ್ನಿಗೆ ಬಂದ ಅಡುಗೆ, ಹೊಲಿಗೆ, ಸೋಪಿನ ಜಾಹೀರಾತು, ಓದುಗರ ಪತ್ರ, ಎಲ್ಲ ಅದರ ಜೊತೆಗೇ ಉಳಿದಿರುತ್ತದೆ.

ನಮ್ಮ ತಾಯಿ ಓದಿದ್ದು ನಾಲ್ಕನೇ ಕ್ಲಾಸು. ಕನ್ನಡ ಸಲೀಸಾಗಿ ಓದಲು ಕಲಿತದ್ದು ಈ ಕಂತುಗಳಿಂದ. ಗುರುವಾರ ಬಸ್ಸಿನಲ್ಲಿ ಬರುವ ಪತ್ರಿಕೆಯನ್ನು ಮೊದಲು ಯಾರು ಓದಬೇಕು ಅಂತ ಓರಗಿತ್ತಿಯರ ನಡುವೆ ಸರದಿ ಇತ್ತು. ಅವರು ಹೊಲಿದ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದೊಂದು ಮಾತು ಬರೆದಿದ್ದಾರೆ. ಒಂದು ಕಡೆ 'ಇವಳು ಹೀಗೆ ಸುಮ್ಮನಿರಬಾರದಿತ್ತು' ಅಂತಿದೆ. ನಾನು ಅದನ್ನು ನೋಡಿದ್ದು ಅವರು ಹೋದ ಮೇಲೆ. ನಿಮ್ಮ ಅಜ್ಜಿಯ ಪುಸ್ತಕಗಳ ಅಂಚು ನೋಡಿ ತಂಗಿ.

ದೀಪಾವಳಿ, ಯುಗಾದಿ ವಿಶೇಷಾಂಕಗಳಿದ್ದರೂ ಬಿಡಬೇಡಿ. ಕನ್ನಡದ ಎಷ್ಟೋ ಕಥೆಗಾರರ ಹೆಸರು ಜನರಿಗೆ ಗೊತ್ತಾದದ್ದು ದೀಪಾವಳಿ ಸಂಚಿಕೆಯ ಕಥಾಸ್ಪರ್ಧೆಯಿಂದ.


ಹಳೇಹಾಳೆ:

ಹಿರಿಯರು ತಳದ ಪೇಪರಿನ ಬಗ್ಗೆ ಹೇಳಿದ್ದನ್ನು ಓದಿ, ನಾನು ಮೊದಲೇ ಅದನ್ನು ಗಮನಿಸಬೇಕಿತ್ತು ಅನ್ನಿಸಿತು. ಈಗ ಮೊದಲು ಅದರ ಫೋಟೋ ತೆಗೆಯಿರಿ, ಆಮೇಲೆ ಬೇರೆ ಮಾತು.

ಸ್ಕ್ಯಾನರ್ ಬೇಡ, ಪತ್ರಿಕೆಯ ಹಾಳೆ ಅದಕ್ಕೆ ದೊಡ್ಡದಾಗುತ್ತದೆ. ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ, ಚಾಪೆಯ ಮೇಲೆ ಹಾಸಿ ಮೇಲಿನಿಂದ ಮೊಬೈಲಿನಲ್ಲಿ ತೆಗೆಯಿರಿ, ಫ್ಲ್ಯಾಶ್ ಬೇಡ. ಹಾಳೆಯ ಕೆಳಗೆ ಕಪ್ಪು ಕಾಗದ ಅಥವಾ ಕಪ್ಪು ಬಟ್ಟೆ ಇಡಿ, ಹಿಂದಿನ ಪುಟದ ಅಕ್ಷರ ಮೂಡುವುದು ಕಡಿಮೆಯಾಗುತ್ತದೆ. ಇಡೀ ಪುಟದ್ದು ಒಂದು, ಆಮೇಲೆ ಕಾಲುಭಾಗದ್ದು ನಾಲ್ಕು. ಫೈಲಿನ ಹೆಸರಲ್ಲೇ ಪತ್ರಿಕೆಯ ಹೆಸರು, ವರ್ಷ, ತಿಂಗಳು, ದಿನ, ಪುಟ ಹಾಕಿ. ಈಗ ಬೇಸರ ಅನ್ನಿಸಬಹುದು, ಆದರೆ ಹೆಸರಿಲ್ಲದ ಇನ್ನೂರು ಫೋಟೋ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಅಕ್ಷರ ಗುರುತಿಸುವ ತಂತ್ರಾಂಶಗಳು ಈಗ ಕನ್ನಡಕ್ಕೂ ಇವೆ. ಆದರೆ ಹಳೇ ಮೊಳೆಯಲ್ಲಿ ಒತ್ತಕ್ಷರ ಮಸುಕಾಗಿದ್ದರೆ ತಪ್ಪು ಓದುತ್ತವೆ, ಅಕ್ಕಪಕ್ಕದ ಕಾಲಂ ಸೇರಿಸಿ ಒಂದೇ ಸಾಲು ಮಾಡಿಬಿಡುತ್ತವೆ. ಒಂದೊಂದು ಕಾಲಂ ಕತ್ತರಿಸಿ ಕೊಟ್ಟರೆ ವಾಸಿ.

ಜಾಲದಲ್ಲಿ ಹಾಕುವುದಕ್ಕೆ ಮೊದಲು ಹಕ್ಕಿನ ಬಗ್ಗೆ ಯೋಚಿಸಿ. ಲೇಖಕರ ಹೆಸರಿರುವ ಬರಹಕ್ಕೆ ಅವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಹೆಸರಿಲ್ಲದೆ ಬಂದದ್ದಕ್ಕೆ ಪ್ರಕಟವಾದ ಮೇಲೆ 60 ವರ್ಷ. ಅರವತ್ತರ ದಶಕದ ಮೊದಲ ವರ್ಷಗಳ ತಾಲೂಕು ಪತ್ರಿಕೆಯ ಹೆಸರಿಲ್ಲದ ಸುದ್ದಿಗಳಿಗೆ ಈಗ ತೊಂದರೆ ಇಲ್ಲ. 1975ರ ಮಯೂರವನ್ನು ಇಡಿಯಾಗಿ ಹಾಕುವ ಹಾಗಿಲ್ಲ.

ಲೈಬ್ರರಿ ಕೇಳಿದಿರಿ. ನಿಮಗೆ ಹತ್ತಿರ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಸ್ವಲ್ಪ ದೂರ ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ. ಹಾಗೇ ಹೊತ್ತುಕೊಂಡು ಹೋಗಬೇಡಿ. ಮೊದಲು ಪಟ್ಟಿ ಮಾಡಿ, ಪತ್ರಿಕೆ, ವರ್ಷ, ಎಷ್ಟು ಸಂಚಿಕೆ ಅಂತ, ಅದನ್ನು ಕಳಿಸಿ. ಪಟ್ಟಿ ನೋಡಿದರೆ ಅವರಿಗೆ ಏನು ಬೇಕು ಅಂತ ಹೇಳಲು ಸುಲಭ. ಕೊಡುವಾಗ ಅಜ್ಜನ ಹೆಸರಿನಲ್ಲಿ ಒಂದೇ ಕಡೆ ಇಡಿ ಅಂತ ಬರವಣಿಗೆಯಲ್ಲಿ ಕೇಳಿಕೊಳ್ಳಿ.


ಸಾಗರದ ಮೊಮ್ಮಗಳು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಶುಕ್ರವಾರ ರಜೆ ಹಾಕಿ ರಾತ್ರಿ ಬಸ್ಸಿಗೆ ಬಂದೆ. ಈಗ ಮಾವನ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ರದ್ದಿಯವರು ಬರುವುದು ಬೇಡ ಅಂತ ಹೇಳಿ ಆಯಿತು.

ತಳದಲ್ಲಿ ಒಂದಲ್ಲ, ಮೂರೂ ಟ್ರಂಕಿನಿಂದ ಒಟ್ಟು ಹನ್ನೊಂದು ಹಾಳೆ ಸಿಕ್ಕಿತು. ಎರಡು ಬೇರೆ ಬೇರೆ ಪತ್ರಿಕೆ. ಒಂದರ ಕೊನೇ ಸಾಲು ಓದಲು ಆಯಿತು, ಅಚ್ಚಾದದ್ದು ಸಾಗರದಲ್ಲೇ, ಹಿರಿಯರು ಹೇಳಿದ ಹಾಗೇ ಸಂಪಾದಕರೂ ಮುದ್ರಕರೂ ಒಬ್ಬರೇ. ತಾರೀಖು ಕಾಣುವವು ನಾಲ್ಕು, ಎಲ್ಲ 1962 ಮತ್ತು 63ರವು. ಮೊದಲನೇ ಹಾಳೆಯನ್ನು ಸುಮ್ನೆ ಎಳೆದುಬಿಟ್ಟೆ, ತುಕ್ಕಿಗೆ ಅಂಟಿಕೊಂಡಿತ್ತು, ಅರ್ಧಕ್ಕೆ ಹರಿಯಿತು. ತುಂಬ ಬೇಜಾರಾಯಿತು. ಆಮೇಲೆ ಅಜ್ಜಿಯ ದೋಸೆ ಸಟ್ಟುಗವನ್ನು ಒಳಗೆ ತೂರಿಸಿ ನಿಧಾನಕ್ಕೆ ಎತ್ತಿದೆ.

ಒಂದು ಪುಟವನ್ನು ಮಾವನಿಗೆ ಜೋರಾಗಿ ಓದಿ ಹೇಳಿದೆ. ಅಡಿಕೆ ಧಾರಣೆ. ಬಸ್ಸು ಹೊರಡುವ ವೇಳೆ. ಕಪ್ಪು ಬಣ್ಣದ, ಎಡಗೊಂಬು ಮುರಿದ ಎಮ್ಮೆ ಕಳೆದಿದೆ ಅಂತ ಒಂದು ಪ್ರಕಟಣೆ. ಮುಳುಗಡೆ ಆಗುವ ಒಂದು ಊರಿನ ಶಾಲೆಯ ಬೆಂಚು, ಬೋರ್ಡು, ಗಂಟೆಯನ್ನು ಯಾವ ಶಾಲೆಗೆ ಸಾಗಿಸಬೇಕು ಅಂತ ತೀರ್ಮಾನವಾಗಿಲ್ಲ, ಮಕ್ಕಳು ಮರದ ಕೆಳಗೆ ಕೂರುತ್ತಿದ್ದಾರೆ ಅಂತ ಆರು ಸಾಲಿನ ಸುದ್ದಿ. ಮಾವ ಹೆಂಚು ಲೆಕ್ಕ ಮಾಡುತ್ತಿದ್ದವರು ಬಂದು ಪಕ್ಕದಲ್ಲಿ ಕೂತರು. ಆ ಊರಿನಿಂದ ಬಂದವರು ಇಬ್ಬರು ಅವರ ಕ್ಲಾಸಿನಲ್ಲಿ ಇದ್ದರಂತೆ. ನನಗೆ ಇದುವರೆಗೆ ಅವರು ಅದನ್ನು ಹೇಳಿರಲೇ ಇಲ್ಲ. ಸಂಜೆ ಅವರಲ್ಲಿ ಒಬ್ಬರಿಗೆ ಫೋನ್ ಮಾಡಿದ್ದಾರೆ, ನಾಳೆ ನೋಡಲು ಬರುತ್ತಾರೆ.

ಅಕ್ಕ, ಅಜ್ಜಿಯ ಪುಸ್ತಕಗಳ ಅಂಚಿನಲ್ಲಿ ಬರಹ ಇಲ್ಲ. ಆದರೆ ಒಂದು ಕಂತು ತಪ್ಪಿಹೋದ ಕಡೆ ಯಾರದ್ದೋ ಪತ್ರಿಕೆ ಎರವಲು ತಂದು, ಇಡೀ ಕಂತನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಕೈಯಲ್ಲಿ ಬರೆದು ಸೇರಿಸಿ ಹೊಲಿದಿದ್ದಾರೆ. ಹದಿನಾಲ್ಕು ಪುಟ. ಅವನ್ನು ನಾನು ಬೆಂಗಳೂರಿಗೆ ತಗೊಂಡು ಹೋಗುತ್ತೇನೆ.

ಒಂದು ಪ್ರಶ್ನೆ ಉಳಿದಿದೆ. ಮೂರನೇ ಟ್ರಂಕಿನ ತಳದಲ್ಲಿ ಎರಡು ಹಾಳೆ ಪೂರ್ತಿ ಅಂಟಿಕೊಂಡಿವೆ. ಸಟ್ಟುಗವೂ ಹೋಗುತ್ತಿಲ್ಲ. ನೀರು ಚಿಮುಕಿಸಿ ಬಿಡಿಸಬಹುದಾ?


ಹಳೇಹಾಳೆ:

ನೀರು ಬೇಡ, ತುಕ್ಕು ಕಾಗದಕ್ಕೆ ಹರಡುತ್ತದೆ. ಎಳೆಯಲೂ ಬೇಡ. ಟ್ರಂಕನ್ನು ಬಾಗಿಲ ಬಳಿ ತಂದು, ಮೇಲಿನ ಪುಟ ಎಷ್ಟು ಕಾಣುತ್ತದೋ ಅಷ್ಟನ್ನು ಫೋಟೋ ತೆಗೆದುಕೊಳ್ಳಿ. ಕೆಳಗಿನ ಪುಟವನ್ನು ಟ್ರಂಕಿನ ಸಮೇತ ಕಾಗದ ಸಂರಕ್ಷಣೆ ಗೊತ್ತಿರುವವರಿಗೆ ತೋರಿಸಬೇಕು. ಖಾಲಿ ಟ್ರಂಕ್ ತಾನೇ, ಬಸ್ಸಿನ ಡಿಕ್ಕಿಯಲ್ಲಿ ಹಾಕಿ ತನ್ನಿ, ಬೆಂಗಳೂರಿನಲ್ಲಿ ನಾನು ಜೊತೆಗೆ ಬರುತ್ತೇನೆ.


ಮೊಳೆ ಜೋಡಿಸಿದವ:

ಆ ಕೊನೇ ಸಾಲಿನ ಫೋಟೋ ಒಂದು ಹಾಕಿ ಮೊಮ್ಮಗಳೇ. ಪ್ರೆಸ್ಸಿನ ಹೆಸರು ನೋಡಬೇಕು.